ದೇವರು ಅಡ್ಡ ಬರಂಗಿಲ್ಲ

ಈ ಅಕ್ಟೋಬರಿನಲ್ಲಿ ನಮ್ಮ ಮನೆಯ ಫರ್ನೇಸು ಮೊದಲ ಸಲ ಹೊತ್ತಿಕೊಂಡಾಗ ನೆಲದ ಜಾಲರಿಗಳಿಂದೆಲ್ಲ ಸುಟ್ಟ ಧೂಳಿನ ವಾಸನೆ ಬಂತು. ಪ್ರತಿವರ್ಷ ಬರುವುದೇ. ಬೇಸಿಗೆಯಿಡೀ ಫರ್ನೇಸಿನೊಳಗೆ ಮಲಗಿದ್ದ ಧೂಳು ಅವತ್ತು ಎದ್ದು ಮನೆ ಸುತ್ತುತ್ತದೆ. ಆ ವಾಸನೆಯ ಬೆನ್ನಿಗೇ ಒಂದು ಫೋನು ಬರುತ್ತಿತ್ತು. ಮೊದಲು ಒಂದು ಕೆಮ್ಮು. ಆಮೇಲೆ ಹಲೋ ಇಲ್ಲ, ಕ್ಷೇಮಸಮಾಚಾರ ಇಲ್ಲ, "ಹಿಡಿಕಿ ತಿರುವಿದ್ರೇನು?" ಈ ವರ್ಷ ವಾಸನೆ ಮಾತ್ರ ಬಂತು.

ಫೋನು ಮಾಡುತ್ತಿದ್ದವರು ನಮ್ಮ ನ್ಯೂಜೆರ್ಸಿಯ ಕೆಂಡಲ್ ಪಾರ್ಕ್ ಊರಿನ ಗಾಳಿ ಅಂಕಲ್. ತಂದೆತಾಯಿ ಇಟ್ಟ ಹೆಸರೊಂದು ಅವರಿಗೂ ಇತ್ತು. ಅದನ್ನು ನಾನು ಪೂರ್ತಿಯಾಗಿ ಓದಿದ್ದು ಜುಲೈ ತಿಂಗಳಲ್ಲಿ, ಅವರು ತೀರಿಕೊಂಡ ಸುದ್ದಿ ನಮ್ಮ ಕನ್ನಡ ಗ್ರೂಪಿಗೆ ಬಂದಾಗ. "ಯಾರಿವರು?" ಅಂತ ನಾಲ್ಕಾರು ಜನ ಕೇಳಿದರು. "ಗಾಳಿ ಅಂಕಲ್ ಕಣ್ರೀ" ಅಂತ ಯಾರೋ ಬರೆದರು. ಆಮೇಲೆ ಗ್ರೂಪಿನಲ್ಲಿ ತುಂಬಾ ಹೊತ್ತು ಯಾರೂ ಏನೂ ಬರೆಯಲಿಲ್ಲ. ನಮ್ಮ ಗ್ರೂಪು ಸುಮ್ಮನಿದ್ದದ್ದು ನಾನು ನೋಡಿದ್ದು ಅದೊಂದೇ ಸಲ.

ಊರಲ್ಲಿ ಕೂತು ಓದುವವರಿಗೆ ಒಂದು ವಿವರ ಹೇಳಿಬಿಡುತ್ತೇನೆ. ಇಲ್ಲಿಯ ಮನೆಗಳು ಚಳಿಗಾಲದಲ್ಲಿ ಗಾಳಿಯಿಂದ ಬದುಕುತ್ತವೆ. ಬೇಸ್‌ಮೆಂಟಿನಲ್ಲಿರುವ ಫರ್ನೇಸು ಗಾಳಿಯನ್ನು ಕಾಯಿಸಿ, ತಗಡಿನ ಕೊಳವೆಗಳ ಮೂಲಕ ಕೋಣೆಕೋಣೆಗೂ ಊದುತ್ತದೆ. ಕೋಣೆಗಳಲ್ಲಿ ತಣ್ಣಗಾದ ಗಾಳಿ ಗೋಡೆಯ ದೊಡ್ಡ ಜಾಲರಿಯೊಂದರಿಂದ ಮತ್ತೆ ಕೆಳಗಿಳಿದು ಫರ್ನೇಸು ಸೇರುತ್ತದೆ. ಪ್ರತಿ ಕೊಳವೆಯ ಕತ್ತಿನಲ್ಲೂ ಡ್ಯಾಂಪರ್ ಎಂಬ ಒಂದು ತಟ್ಟೆ, ಹೊರಗೆ ಅದರ ಹಿಡಿಕೆ. ಹಿಡಿಕೆ ತಿರುಗಿಸಿದರೆ ಆ ಕೋಣೆಯ ಪಾಲು ಹೆಚ್ಚು ಕಡಿಮೆ ಆಗುತ್ತದೆ. ಚಳಿಗಾಲದಲ್ಲಿ ಕೆಳಗಿನ ಕೋಣೆಗಳಿಗೆ ಹೆಚ್ಚು ಬಿಡಬೇಕು, ಬೇಸಿಗೆಯಲ್ಲಿ ಎಸಿಯ ಗಾಳಿಯನ್ನು ಮೇಲಿನ ಕೋಣೆಗಳಿಗೆ. ಇಷ್ಟೇ ವಿಷಯ. ಇಷ್ಟಕ್ಕೆ ಒಬ್ಬ ಮನುಷ್ಯ ತನ್ನ ಶನಿವಾರಗಳನ್ನೆಲ್ಲ ಕೊಡಬಹುದು ಅಂತ ಅವರನ್ನು ನೋಡಿದ ಮೇಲೆ ಗೊತ್ತಾಯಿತು.

ಅವರು ಕೈಯಾಡಿಸಿದ ಮನೆಗಳ ಬೇಸ್‌ಮೆಂಟಿಗೆ ಇಳಿದರೆ ಪ್ರತಿ ಕೊಳವೆಯ ಮೇಲೂ ಕಪ್ಪು ಮಾರ್ಕರಿನಲ್ಲಿ ಎರಡು ಗೆರೆ ಕಾಣುತ್ತವೆ. ಒಂದರ ಪಕ್ಕ "ಬ್ಯಾ", ಇನ್ನೊಂದರ ಪಕ್ಕ "ಥಂ". ಬ್ಯಾಸಿಗಿ ಮತ್ತು ಥಂಡಿ. ಅಂಕಲ್ ಗದಗಿನ ಕಡೆಯವರು; ನ್ಯೂಜೆರ್ಸಿಯ ಹವಾಮಾನವನ್ನೂ ಗದಗಿನ ಭಾಷೆಯಲ್ಲೇ ಆಳುತ್ತಿದ್ದರು. ಕೆಂಡಲ್ ಪಾರ್ಕಿನಿಂದ ಹಿಲ್ಸ್‌ಬರೋ ತನಕ ಎಷ್ಟೋ ಮನೆಗಳಲ್ಲಿ ಮಕ್ಕಳು ಓದಬಲ್ಲ ಕನ್ನಡ ಅಂದರೆ ಆ ಎರಡು ಅಕ್ಷರ. ಒಮ್ಮೆ ನಮ್ಮ ಫರ್ನೇಸು ಸರ್ವಿಸ್ ಮಾಡಲು ಬಂದ ಟೆಕ್ನಿಷಿಯನ್ ಅವುಗಳನ್ನು ನೋಡಿ ಟೋಪಿ ತೆಗೆದು, ಇವು ಪ್ರಾರ್ಥನೆಗಳಾ ಅಂತ ಅಪ್ಪನನ್ನು ಕೇಳಿದ. ವಿವರಿಸುತ್ತ ಕೂತರೆ ಸಂಜೆಯಾದೀತು ಅಂತ ಅಪ್ಪ ಹೌದು ಅಂದುಬಿಟ್ಟರು. ಆತ ಒಂದೂ ಹಿಡಿಕೆ ಮುಟ್ಟದೆ ಹೋದ.

ನನ್ನ ವಿಷಯ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಹುಟ್ಟಿದ್ದು ಇಲ್ಲೇ. ವಾರವೆಲ್ಲ ನ್ಯೂಯಾರ್ಕಿಗೆ ರೈಲಿನಲ್ಲಿ ಕಮ್ಯೂಟ್ ಮಾಡಿ, ಬೇರೆಯವರು ಮಾಡಿದ ಚಾರ್ಟುಗಳಿಗೆ ಬಣ್ಣ ಹಚ್ಚುತ್ತೇನೆ. ವಾರಾಂತ್ಯ ಜನರ ದನಿ ಕದಿಯುತ್ತೇನೆ. ನನ್ನ ಕನ್ನಡ ಪೂರ್ತಿ ಕದ್ದ ಮಾಲು: ಬೈಗುಳ ಅಮ್ಮನದು, ವ್ಯಾಕರಣ ಅಪ್ಪನದು, ಗತ್ತು ಅಜ್ಜಿಯದು. ನನ್ನ ಸ್ವಂತದ್ದು ಅಂತ ಇರುವುದು 'ಳ'ಕಾರದ ತೊಂದರೆ ಮಾತ್ರ. ಹಾಗಾಗಿ ಯಾರನ್ನು ಭೇಟಿಯಾದರೂ ಅವರು ಏನು ಹೇಳಿದರು ಅಂತ ನೆನಪಿರುವುದಿಲ್ಲ, ಹೇಗೆ ಹೇಳಿದರು ಅಂತ ನೆನಪಿರುತ್ತದೆ. ಆಫೀಸಿನಲ್ಲಿ ಇದರಿಂದ ಬಹಳ ತೊಂದರೆಯಾಗಿದೆ.

ಗಾಳಿ ಅಂಕಲ್ ಮಿಮಿಕ್ರಿಗೆ ಬೇಕಾದ ಸಾಮಾನು ಕಡಿಮೆ. ಟಾಯ್ಲೆಟ್ ಪೇಪರಿನ ಒಂದು ತುಂಡು, ಎಡಗಣ್ಣು, ಮತ್ತು ಆ ಕೆಮ್ಮು. ಅವರು ಪೇಪರಿನ ತುಂಡನ್ನು ಉಗುರಿನಿಂದ ಎರಡು ಪದರ ಬೇರೆ ಮಾಡುತ್ತಿದ್ದರು, ಮದುಮಗಳ ಸೆರಗು ಹಿಡಿದಷ್ಟು ಮರ್ಯಾದೆಯಿಂದ. "ಎರಡು ಪದರ ಇದ್ರ ಸುಳ್ಳ ಹೇಳ್ತೈತಿ. ಒಂದ ಪದರ ಖರೇ ಹೇಳ್ತೈತಿ." ಆ ಒಂದು ಪದರವನ್ನು ಜಾಲರಿಯ ಮುಂದೆ ಹಿಡಿದು, ಎಡಗಣ್ಣು ಮುಚ್ಚಿ, ಬಾಯಿ ತೆರೆದು ನಿಲ್ಲುತ್ತಿದ್ದರು. ಪೇಪರು ನಡುಗಿದ ರೀತಿ ನೋಡಿ ಮನೆಯ ಜಾತಕ ಓದುತ್ತಿದ್ದರು. ಓದಿದ ಮೇಲೆ ಕೆಮ್ಮು. ಕೆಮ್ಮು ಅಂದರೆ ತೀರ್ಪು ಬರುತ್ತಿದೆ ಅಂತ. ಕೆಮ್ಮದೆ ಅವರು ಟೈಮು ಕೂಡ ಹೇಳುತ್ತಿರಲಿಲ್ಲ.

ಯಾರ ಮನೆಗೆ ಬಂದರೂ ಮೊದಲು ಮಾತಾಡಿಸುತ್ತಿದ್ದುದು ಗೋಡೆಯ ಮೇಲಿನ ಥರ್ಮೋಸ್ಟಾಟನ್ನು, ಮನೆಯ ಬಿಸಿ ಎಷ್ಟಿರಬೇಕೆಂದು ಗೊತ್ತುಮಾಡುವ ಡಬ್ಬಿಯನ್ನು. ಆಮೇಲೆ ನೆಲದ ಜಾಲರಿಗಳ ಮೇಲೆ ಅಂಗೈ ಆಡಿಸುತ್ತ ಒಂದು ಸುತ್ತು. ಮನುಷ್ಯರ ಸರದಿ ಮೂರನೆಯದು. ನಮ್ಮ ಪಕ್ಕದ ಬೀದಿಯವರು ಫೋನಿನಿಂದಲೇ ನಡೆಸಬಹುದಾದ ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿಸಿಕೊಂಡು ಹೆಮ್ಮೆಯಿಂದ ತೋರಿಸಿದಾಗ ಅಂಕಲ್ ಅದನ್ನು ಬಹಳ ಹೊತ್ತು ನೋಡಿ, ಕೆಮ್ಮಿ, "ಶಾಣ್ಯಾ ಅಂತ ಡಬ್ಬಿ ಮ್ಯಾಲ ಬರದಾರ. ಖರೇ ಶಾಣ್ಯಾರು ಹಂಗ ಬರಕೋಳೂದಿಲ್ರೀ" ಅಂದರು.

ವಿನಯ ಅವರ ಹತ್ತಿರ ಸುಳಿಯುತ್ತಿರಲಿಲ್ಲ. ನೌಕರಿಯಲ್ಲಿದ್ದಾಗ ನ್ಯೂಯಾರ್ಕಿನ ಎತ್ತರದ ಆಫೀಸು ಕಟ್ಟಡಗಳಿಗೆ ಗಾಳಿಯ ವ್ಯವಸ್ಥೆ ಮಾಡುತ್ತಿದ್ದ ಇಂಜಿನಿಯರು. ನಾವೆಲ್ಲ ನದಿಯಾಚೆಯ ನ್ಯೂಯಾರ್ಕಿನ ದೀಪಗಳನ್ನು ನೋಡಿ ಫೋಟೋ ತೆಗೆಯುತ್ತಿದ್ದರೆ ಅವರು ಬೆರಳು ತೋರಿಸಿ, "ಅದು ಕಾಣಸ್ತೈತಲ್ಲ, ಚೂಪ ತಲಿದು, ಅದರೊಳಗ ಉಸಿರಾಡಾಕತ್ತಾರಲ್ಲ, ನನ್ನಿಂದ" ಅನ್ನುತ್ತಿದ್ದರು. ನಿವೃತ್ತರಾದ ಮೇಲೆ ನಲವತ್ತು ಅಂತಸ್ತಿನ ಅಹಂಕಾರವನ್ನೆಲ್ಲ ತಂದು ನಮ್ಮ ಎರಡಂತಸ್ತಿನ ಮನೆಗಳ ಮೇಲೆ ಸುರಿದರು. ಕರೆದವರ ಮನೆಗೆ ಹೋಗುತ್ತಿದ್ದರು. ಕರೆಯದವರ ಮನೆಗೂ.

ಅವರ ಸ್ವಂತ ಮನೆಯ ಕಥೆ ಬೇರೆ. ಅಲ್ಲಿ ಒಂದು ಥರ್ಮೋಸ್ಟಾಟ್ ಸಾಲದೆ, ಮನೆಯನ್ನು ಝೋನು ಝೋನಾಗಿ ಒಡೆದು, ಪ್ರತಿ ಝೋನಿಗೂ ಒಂದೊಂದು ಥರ್ಮೋಸ್ಟಾಟ್, ಕೊಳವೆಗಳಲ್ಲಿ ತಾವೇ ತೆರೆದು ಮುಚ್ಚಿಕೊಳ್ಳುವ ಮೋಟಾರಿನ ಡ್ಯಾಂಪರುಗಳು. ಊಟಕ್ಕೆ ಕರೆದರೆ ಸಾರಿನ ನಡುವೆ ಗೋಡೆಯೊಳಗಿಂದ ಟಕ್ ಅಂತ ಸದ್ದು. "ಡೈನಿಂಗ್ ಝೋನ್ ಬಂದ್ ಆತು" ಅಂತ ಅಂಕಲ್ ಘೋಷಿಸುತ್ತಿದ್ದರು. ಜನ ಹೆಚ್ಚಾದರೆ ಮೈಬಿಸಿಯೂ ಲೆಕ್ಕಕ್ಕೆ. "ಮೈಸೂರಿನವರು ಕಿಟಕಿ ಕಡೆ ಕೂಡ್ರಬ್ಯಾಡ್ರಿ, ನಿಮಗ ತಡಿಯೂದಿಲ್ಲ. ಈ ಹುಡುಗ ಬಾಳ ಮಾತಾಡ್ತಾನ, ಬಿಸಿ ಬಿಡ್ತಾನ, ಇವನ್ನ ಬಾಗಲದ ಹತ್ರ ಕೂಡ್ರಸ್ರಿ." ಆಂಟಿ ಮಾತ್ರ ವರ್ಷವಿಡೀ ಸ್ವೆಟರಿನಲ್ಲಿರುತ್ತಿದ್ದರು. "ಊರ ಮಂದಿ ಮನಿ ಎಲ್ಲಾ ಸರಿ ಮಾಡ್ಯಾರ. ನಮ್ಮ ಮನ್ಯಾಗ ಇನ್ನೂ ಪ್ರಯೋಗ ನಡದೈತಿ" ಅಂತ ಹೋಳಿಗೆ ಬಡಿಸುತ್ತ ಹೇಳುತ್ತಿದ್ದರು. ಅಂಕಲ್ ಅದನ್ನು ಹೊಗಳಿಕೆ ಅಂದುಕೊಳ್ಳುತ್ತಿದ್ದರು.

ನಾನು ಅವರ ಮಿಮಿಕ್ರಿಯನ್ನು ವೇದಿಕೆಯ ಮೇಲೆ ಮಾಡಿದ್ದು ಒಂದು ಯುಗಾದಿ ಕಾರ್ಯಕ್ರಮದಲ್ಲಿ, ಬಾಡಿಗೆಗೆ ಹಿಡಿದ ಹೈಸ್ಕೂಲಿನ ಸಭಾಂಗಣದಲ್ಲಿ. ಸಭೆ ಬಿದ್ದು ಬಿದ್ದು ನಕ್ಕಿತು. ಅಂಕಲ್ ಎರಡನೇ ಸಾಲಿನಲ್ಲಿ ಎದೆಯ ಮೇಲೆ ಕೈಕಟ್ಟಿ ಕೂತಿದ್ದರು, ನಗಲಿಲ್ಲ. ಮುಗಿದ ಮೇಲೆ ನೆಟ್ಟಗೆ ನನ್ನತ್ತ ಬಂದರು. ಚಿತ್ರಾನ್ನದ ತಟ್ಟೆ ಹಿಡಿದು ಓಡಿಹೋಗಲು ದಾರಿ ನೋಡುತ್ತಿದ್ದೆ. ಕೆಮ್ಮಿದರು.

"ಹಿಡಿಕಿ ಕೊಳವಿ ಗುಂಟ ಇದ್ರ ತೆರದಂಗ. ಅಡ್ಡ ಇದ್ರ ಮುಚ್ಚಿದಂಗ. ನೀ ಉಲ್ಟಾ ಮಾಡಿದಿ."

"ಸಾರಿ ಅಂಕಲ್."

"ಮಂದಿ ನಿನ್ನ ನೋಡಿ, ಮನಿಗೆ ಹೋಗಿ ಎಲ್ಲಾ ಮುಚ್ಚಿಕೊಂಡು ಕುಂತ್ರ ಯಾರು ಹೊಣಿ? ಮುಂದಿನ ಸಲ ಸರಿ ಮಾಡು."

ನನ್ನ ಮಿಮಿಕ್ರಿಗೆ ಸಿಕ್ಕ ವಿಮರ್ಶೆಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

ಇನ್ನು ಅಜ್ಜಿಯ ಚಳಿಗಾಲದ ವಿಷಯ.

ಹೋದ ವರ್ಷ ನನ್ನ ಅಕ್ಕ ಬಸುರಿ. ಅವಳು, ಭಾವ ಇರುವುದು ಜೆರ್ಸಿ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ. ಹೆರಿಗೆ ಆದ ಮೇಲೆ ಬಾಣಂತನಕ್ಕೆ ಹಿಲ್ಸ್‌ಬರೋದ ನಮ್ಮ ಮನೆಗೆ ಬರುವುದು, ಅಜ್ಜಿ, ಅಂದರೆ ಅಪ್ಪನ ಅಮ್ಮ, ಮೈಸೂರಿನಿಂದ ಬಂದು ಮಗುವಿಗೆ ಎಣ್ಣೆನೀರು ಹಾಕುವುದು ಅಂತ ತೀರ್ಮಾನವಾಯಿತು. ಅಮ್ಮನಿಗೆ ಇದು ಮರ್ಯಾದೆಯ ಪ್ರಶ್ನೆಯಲ್ಲ, ಭಯದ ಪ್ರಶ್ನೆ. ನಮ್ಮಿಬ್ಬರಿಗೂ ಎಣ್ಣೆ ಹಚ್ಚಿ ನೀರು ಹಾಕಿದ್ದು ಅಜ್ಜಿಯೇ. ಎಳೇ ಮಗುವನ್ನು ಕಾಲ ಮೇಲೆ ಮಲಗಿಸಿಕೊಳ್ಳಲು ಅಮ್ಮನಿಗೆ ಇವತ್ತಿಗೂ ಕೈ ನಡುಗುತ್ತದೆ. ಅಜ್ಜಿ ಇರಲೇಬೇಕಿತ್ತು.

ನವೆಂಬರಿನಲ್ಲಿ ಅಜ್ಜಿ ಇಳಿದರು. ಇಳಿದವರೇ ಅಡುಗೆಮನೆಯ ಕಪಾಟಿನಲ್ಲಿ, ಬೆಳಗಿನ ಸೀರಿಯಲ್ ಡಬ್ಬಿಗಳ ಪಕ್ಕ ಕೂತಿದ್ದ ನಮ್ಮ ದೇವರುಗಳನ್ನು ಕಂಡರು.

"ಇದೇನೋ ಇದು, ದೇವರನ್ನ ದಿನಸಿ ಜೊತೆ ಇಟ್ಟಿದೀರಾ?"

ಆ ಶನಿವಾರವೇ ಅಪ್ಪ ಭಾರತೀಯ ಅಂಗಡಿಗಳ ಬೀದಿ ಇರುವ ಐಸೆಲಿನ್ನಿಗೆ ಡ್ರೈವ್ ಮಾಡಿ, ನನ್ನ ಎದೆಯುದ್ದದ ತೇಗದ ಮಂಟಪ ತಂದರು. ದೇವರು ಪೂರ್ವಕ್ಕೆ ಮುಖ ಮಾಡಬೇಕು. ಹಾಗೆ ಕೂರಿಸಬಹುದಾದ ಖಾಲಿ ಗೋಡೆ ಮನೆಯಲ್ಲಿ ಇದ್ದದ್ದು ಒಂದೇ, ಕೆಳಗಿನ ಹಾಲ್‌ವೇಯಲ್ಲಿ. ಮಂಟಪ ಅಲ್ಲಿ ಗೋಡೆಗೆ ಒತ್ತಿ ನಿಂತಿತು. ಹಿಂದೆ ಅಜ್ಜಿಯ ಹಳೇ ರೇಷ್ಮೆ ಸೀರೆಯ ಪರದೆ. ಅಜ್ಜಿ ಕಲಶವಿಟ್ಟು ಪೂಜೆ ಮಾಡಿ, ಇನ್ನು ಇದನ್ನು ಯಾರೂ ಅಲುಗಾಡಿಸಕೂಡದು ಅಂದರು.

ಅದೇ ವಾರ ಚಳಿ ಶುರುವಾಯಿತು. ಅಜ್ಜಿಯ ಕೋಣೆ ಗ್ಯಾರೇಜಿನ ಮೇಲಿನದು, ಫರ್ನೇಸಿನಿಂದ ಅತಿ ದೂರದ್ದು. ಅಲ್ಲಿಯ ಜಾಲರಿಯಿಂದ ಬರುತ್ತಿದ್ದುದು ಗಾಳಿಯಲ್ಲ, ಗಾಳಿಯ ವದಂತಿ. ನನ್ನ ಕೋಣೆ ಬಿಟ್ಟುಕೊಡುತ್ತೇನೆ ಅಂತ ನಾನು ಹೇಳಿದೆ, ಅಜ್ಜಿ ಬೇಡ ಅನ್ನಲೇಬೇಕಾದ ದನಿಯಲ್ಲಿ. ಅಜ್ಜಿ ಬೇಡ ಅಂದರು. ಆ ಕೋಣೆಗೆ ಅಂಟಿಕೊಂಡ ಬಚ್ಚಲು ಅವರಿಗೆ ಬೇಕಿತ್ತು. ಪುಟ್ಟ ಹೀಟರ್ ತಂದಿಟ್ಟರೆ, ಕೆಂಡ ಕಣ್ಣು ಬಿಟ್ಟ ಹಾಗಿದೆ, ನಿದ್ದೆ ಬರಲ್ಲ ಅಂತ ಆರಿಸಿದರು. ಮಂಕಿಕ್ಯಾಪು, ಎರಡು ಸ್ವೆಟರು, ಅಪ್ಪನ ಕಾಲುಚೀಲ ಹಾಕಿಕೊಂಡು ಸಣ್ಣ ಸೇನಾಧಿಪತಿಯ ಹಾಗೆ ತಿಂಡಿಗೆ ಬರುತ್ತಿದ್ದರು. ಒಂದು ಬೆಳಿಗ್ಗೆ ಅಪ್ಪನಿಗೆ ಹೇಳಿದರು:

"ನೋಡಪ್ಪಾ, ಎಣ್ಣೆ ಹಚ್ಚೋಳ ಕೈ ಬೆಚ್ಚಗಿರಬೇಕು. ನಾನೇ ನಡುಗ್ತಾ ಕೂತರೆ ಮಗೂನ ಹೇಗೆ ಹಿಡೀಲಿ? ಹುಣ್ಣಿಮೆ ತನಕ ನೋಡ್ತೀನಿ. ಆಗಲಿಲ್ಲ ಅಂದ್ರೆ ನನ್ನ ಟಿಕೆಟ್ಟು ಮುಂಚೆಗೆ ಮಾಡಿಸಿಬಿಡು."

ಅಮ್ಮ ಇಡ್ಲಿ ಪಾತ್ರೆಯ ಮುಚ್ಚಳ ಹಿಡಿದೇ ನಿಂತರು. ಅಪ್ಪ ಫೋನು ತೆಗೆದು ಗಾಳಿ ಅಂಕಲ್ಲಿಗೆ ಮಾಡಿದರು.

ಅಂಕಲ್ ಬಂದರು. ಬೇಸ್‌ಮೆಂಟಿಗಿಳಿದು, ಕೊಳವೆಗಳನ್ನು ತಟ್ಟಿ, ಜೇಡರಬಲೆ ತಲೆಗಂಟಿಸಿಕೊಂಡು ಮೇಲೆ ಬಂದರು. ಅಜ್ಜಿ ಸೋಫಾದ ಮೇಲೆ ಕೂತು ಅವರನ್ನು ಅಳೆಯುತ್ತಿದ್ದರು. ಅಂಕಲ್ ಕೆಮ್ಮಿದರು.

"ಗಾಳಿ ಬಾಳ ಆಲಸಿರೀ ಅಕ್ಕಾರ. ಊಟದ ಪಂಕ್ತಿಗೆ ಬಂದ ಮಂದಿ ಇದ್ದಂಗ, ಮೊದಲ ಎಲಿ ಕಂಡ್ರ ಅಲ್ಲೇ ಕೂತುಬಿಡ್ತೈತಿ. ಹತ್ರದ ಎಲಿ ಒಂದೀಟ ಮಡಚಿದ್ರ ದೂರದ ಎಲಿಗೆ ಹೊಕ್ಕೈತಿ."

"ನೀವು ಕೆಮ್ತಾ ಇದೀರಿ, ಕಷಾಯ ಕೊಡಲಾ?" ಅಂದರು ಅಜ್ಜಿ.

ಹತ್ತಿರದ ಎಲೆ ಅಂದರೆ ನನ್ನ ಕೋಣೆ. ಅದರ ಡ್ಯಾಂಪರನ್ನು ಮುಕ್ಕಾಲು ಮುಚ್ಚಿದರು. ಆಮೇಲೆ ಜಾಲರಿಗಳ ಸುತ್ತು ಹೊರಟರು. ಹಾಲ್‌ವೇಯ ಬಾಯಿಗೆ ಬಂದವರು ಮಂಟಪ ಕಂಡು ತಟಕ್ಕನೆ ನಿಂತರು. ಚಪ್ಪಲಿ ಇರಲಿಲ್ಲ, ಆದರೂ ಎರಡು ಹೆಜ್ಜೆ ಹಿಂದೆ ಸರಿದರು.

"ನಾ ಧೂಳಾಗ ಹೊಳ್ಯಾಡಿ ಬಂದೀನಿ, ಮೈಲಿಗಿ. ದೇವರ ಹತ್ರ ಬರೂದಿಲ್ಲ. ಗಾಳಿ ತಿರುಗಿ ಹೋಗೂ ಜಾಲರಿ ಎಲ್ಲಿ ಐತ್ರಿ?"

"ಒಂದು ಮಹಡಿ ಮೇಲೆ, ಒಂದು ಇಲ್ಲೇ ಹಾಲ್‌ವೇಲಿ ಸರ್," ಅಂದರು ಅಪ್ಪ.

"ಮುಂದ ಏನೂ ಅಡ್ಡ ಇಲ್ಲಲ್ಲ?"

"ಏನಿಲ್ಲ ಸರ್. ದೇವರು ಮಾತ್ರ."

"ದೇವರು ಅಡ್ಡ ಬರಂಗಿಲ್ಲ ಬಿಡ್ರಿ," ಅಂತ ಅಂಕಲ್ ದೂರದಿಂದಲೇ ಕೈಮುಗಿದು ಹೋದರು.

ಒಬ್ಬ ಇಂಜಿನಿಯರು, ಒಬ್ಬ ಐಟಿ ಮ್ಯಾನೇಜರು, ಪಕ್ಕದಲ್ಲಿ ನಾನು. ಮೂವರೂ ಆ ಮಾತನ್ನು ಕಿವಿಯಾರೆ ಕೇಳಿದೆವು. ಮೂವರಿಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಅಜ್ಜಿಯ ಕೋಣೆ ಬೆಚ್ಚಗಾಗಲಿಲ್ಲ. ನನ್ನ ಕೋಣೆ ತಣ್ಣಗಾಯಿತು. ಮನೆಯಿಂದಲೇ ಕೆಲಸ ಮಾಡಿದ ದಿನ ಆಫೀಸಿನ ವಿಡಿಯೋ ಮೀಟಿಂಗಿಗೆ ನಾನೂ ಮಂಕಿಕ್ಯಾಪಿನಲ್ಲಿ ಕೂತೆ. ಎಲ್ಲಿಗಾದರೂ ಪರ್ವತಾರೋಹಣಕ್ಕೆ ಹೋಗಿದ್ದೀಯಾ ಅಂತ ಬಾಸು ಕೇಳಿದಳು. ಮುಂದಿನ ಶನಿವಾರ ಅಂಕಲ್ ಮತ್ತೆ ಬಂದರು. ಗ್ಯಾರೇಜಿನ ಚಾವಣಿಯಲ್ಲಿ ಹಾದುಹೋಗುವ ಕೊಳವೆಯ ಸಂದುಗಳಿಗೆಲ್ಲ ಬೆಳ್ಳಿ ಬಣ್ಣದ ಟೇಪು ಸುತ್ತಿದರು. ಅಪ್ಪ-ಅಮ್ಮನ ಕೋಣೆಯ ಎಲೆಯನ್ನೂ ಮಡಚಿದರು. ಈಗ ಮೂರು ಕೋಣೆ ತಣ್ಣಗಾದವು. ಜೊತೆಗೆ ಫರ್ನೇಸು ಹೊತ್ತಿಕೊಂಡ ಸ್ವಲ್ಪ ಹೊತ್ತಿಗೇ ತಾನಾಗಿ ಆರುವುದು, ಮತ್ತೆ ಹೊತ್ತಿಕೊಳ್ಳುವುದು, ಮತ್ತೆ ಆರುವುದು.

ಅಂಕಲ್ ಅಜ್ಜಿಯ ಕೋಣೆಯಲ್ಲಿ ಪೇಪರಿನ ಒಂದು ಪದರ ಹಿಡಿದು ನಿಂತರು. ಅದು ಜೋತುಬಿದ್ದಿತ್ತು. ಮೊದಲ ಸಲ ಅವರು ಕೆಮ್ಮಲಿಲ್ಲ.

"ನ್ಯೂಯಾರ್ಕಿನ ನಲವತ್ತು ಅಂತಸ್ತು ನನ್ನ ಮಾತು ಕೇಳ್ಯಾವ. ಈ ಹಿಲ್ಸ್‌ಬರೋದ ಎರಡು ಅಂತಸ್ತು ಕೇಳವಲ್ವು," ಅಂದರು, ಯಾರಿಗೂ ಅಲ್ಲ, ಪೇಪರಿಗೆ.

ಅದಾದ ಮೇಲೆ ಅವರು ದಿನಾ ಫೋನು ಮಾಡತೊಡಗಿದರು. ಆಂಟಿ ನಡುವೆ ಫೋನು ಕಿತ್ತುಕೊಂಡು, "ಇವರು ಉಣ್ಣವಲ್ರು ನೋಡ್ರಿ. ತಟ್ಟಿ ಮುಂದ ಕೂತು ಬೆರಳಲೆ ಕೊಳವಿ ಬರೀತಾರ, ಸಾರಿನೊಳಗ" ಅಂದರು. ಇತ್ತ ಅಜ್ಜಿ ಸೂಟ್‌ಕೇಸು ಹೊರಗಿಟ್ಟು, ಹುಣ್ಣಿಮೆಗೆ ಸತ್ಯನಾರಾಯಣ ಪೂಜೆ ಮುಗಿಸಿ ಹೊರಡುತ್ತೇನೆ ಅಂದರು. ಅಮ್ಮ ಪಾತ್ರೆ ತೊಳೆಯುವ ಸದ್ದು ಜಾಸ್ತಿಯಾಯಿತು. ಅಕ್ಕ ಫೋನಿನಲ್ಲಿ "ಇಟ್ಸ್ ಓಕೆ ಅಮ್ಮ, ವೀ ವಿಲ್ ಮ್ಯಾನೇಜ್" ಅಂದಳು. ಅಕ್ಕನ ದನಿ ನನಗೆ ಚೆನ್ನಾಗಿ ಬರುತ್ತದೆ. ಅದು ಓಕೆ ಇದ್ದಾಗಿನ ದನಿಯಲ್ಲ.

ಪೂಜೆಗೆ ಅಂಕಲ್, ಆಂಟಿಯನ್ನೂ ಕರೆದಿದ್ದೆವು. ಅವತ್ತು ಅಂಕಲ್ ತಲೆಸ್ನಾನ ಮಾಡಿ, ಪಂಚೆ ಉಟ್ಟು, ಶಲ್ಯ ಹೊದ್ದು, ಮಡಿಯಲ್ಲಿ ಬಂದರು. ಹಾಗಾಗಿ ಹಾಲ್‌ವೇಯಲ್ಲಿ ಮುಂದಿನ ಸಾಲಿನಲ್ಲೇ, ಮಂಟಪಕ್ಕೆ ಮೊಳದಷ್ಟು ಹತ್ತಿರ ಕೂರುವ ಅರ್ಹತೆ ಅವರಿಗೆ ಬಂತು. ಅವರ ಆ ಮಡಿ ಇಲ್ಲದಿದ್ದರೆ ಅಜ್ಜಿ ವಿಮಾನ ಹತ್ತುತ್ತಿದ್ದರು.

ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಟೀಮು ನಡೆಸಿ ವಾರಾಂತ್ಯದಲ್ಲಿ ಪೂಜೆ ಮಾಡಿಸುವ ಭಟ್ಟರು ಕಥೆ ಶುರುಮಾಡಿದ್ದರು. ಬೇಸ್‌ಮೆಂಟಿನಲ್ಲಿ ಫರ್ನೇಸು ಹೊತ್ತಿಕೊಂಡ ಸದ್ದಾಯಿತು. ಮಂಟಪದ ಹಿಂದಿನ ರೇಷ್ಮೆ ಪರದೆ ಒಮ್ಮೆ ನಡುಗಿ, ಯಾರೋ ಆ ಕಡೆಯಿಂದ ಸೆಳೆದ ಹಾಗೆ ಗೋಡೆಗೆ ಫಕ್ಕನೆ ಅಂಟಿಕೊಂಡಿತು. ನಾವೆಲ್ಲ ಕಣ್ಣುಮುಚ್ಚಿ ಕೈಮುಗಿದಿದ್ದೆವು. ನಾನು ಒಂದು ಕಣ್ಣು ತೆರೆದು ಭಟ್ಟರ ದನಿ ಕದಿಯುತ್ತಿದ್ದೆ, ಹಾಗಾಗಿ ನೋಡಿದೆ. ಅಂಕಲ್ಲಿನ ಎಡಗಣ್ಣು ಮೆಲ್ಲಗೆ ಮುಚ್ಚಿತು. ಬಾಯಿ ತೆರೆಯಿತು. ಪ್ರಸಾದಕ್ಕೆ ಅಂತ ಇಟ್ಟಿದ್ದ ಪೇಪರ್ ನ್ಯಾಪ್ಕಿನ್ ಒಂದನ್ನು ಎತ್ತಿ, ಪದರ ಬೇರೆ ಮಾಡಿ, ಕೈಯನ್ನು ದೇವರ ಬೆನ್ನಹಿಂದೆ ಚಾಚಿದರು.

"ಏನ್ ಮಾಡ್ತಿದೀರಿ ಇವರೇ?" ಅಂದರು ಅಜ್ಜಿ.

ಪೇಪರು ಅವರ ಬೆರಳಿನಿಂದ ಹಾರಿ, ಮಂಟಪದ ಹಿಂದೆ ಮಾಯವಾಯಿತು.

ಅಂಕಲ್ ಕೆಮ್ಮಿದರು. ವಾರಗಳಿಂದ ತಡೆಹಿಡಿದಿದ್ದ ಕೆಮ್ಮು ಅದು. ಭಟ್ಟರು ಕಥೆ ನಿಲ್ಲಿಸಿದರು.

"ಸಿಕ್ಕಿತು," ಅಂದರು ಅಂಕಲ್.

"ಏನು ಸಿಕ್ಕಿತು?" ಅಂದರು ಭಟ್ಟರು.

"ಮುಗಸ್ರಿ, ಮುಗಸ್ರಿ. ಮಂಗಳಾರತಿ ಆಗಲಿ, ಹೇಳ್ತೀನಿ."

ಉಳಿದ ಕಥೆ ಅಷ್ಟು ವೇಗವಾಗಿ ಓಡಿದ್ದನ್ನು ನಾನೆಂದೂ ಕೇಳಿಲ್ಲ. ಮಂಗಳಾರತಿಯ ತಟ್ಟೆ ಇನ್ನೂ ಸುತ್ತುತ್ತಿರುವಾಗಲೇ ಅಂಕಲ್ ಎದ್ದು ನಿಂತು ವಿವರಿಸಿದರು. ಮನೆಯ ಗಾಳಿ ತಿರುಗಿ ಫರ್ನೇಸಿಗೆ ಹೋಗುವ ದೊಡ್ಡ ಜಾಲರಿಯ ಮೇಲೆ ಮಂಟಪ ಕೂತಿದೆ. ಗಾಳಿ ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಒಳಗೆ ಬರಬೇಕು. ಮಹಡಿಯ ಜಾಲರಿಯೊಂದೇ ಸಾಲದೆ ಫರ್ನೇಸು ಉಸಿರುಕಟ್ಟಿ, ಒಳಗೊಳಗೇ ಕಾದು, ಹೆದರಿ ಆರಿಹೋಗುತ್ತಿದೆ. ದೂರದ ಕೋಣೆಗೆ ಊದಲು ಅದರಲ್ಲಿ ದಮ್ಮಿಲ್ಲ.

"ದೇವರು ಅಡ್ಡ ಬರಂಗಿಲ್ಲ ಅಂದಿದ್ದೆ," ಅಂತ ಅಪ್ಪನ ಕಡೆ ತಿರುಗಿದರು. "ಬಂದಾನ."

"ಹಾಗಾದ್ರೆ ಮಂಟಪ ಆ ಕಡೆ ಗೋಡೆಗೆ ಇಟ್ರಾಯ್ತು," ಅಂದರು ಅಪ್ಪ, ಐಟಿ ಮ್ಯಾನೇಜರ್ ದನಿಯಲ್ಲಿ.

"ಆಗಲ್ಲ," ಅಂದರು ಅಜ್ಜಿ.

ದನಿ ಎತ್ತರಿಸಲಿಲ್ಲ. ಕಲಶ ಇಟ್ಟು ಕೂರಿಸಿದ ದೇವರನ್ನು ತನ್ನ ಕಾಲು ಬೆಚ್ಚಗಾಗಲಿ ಅಂತ ಸರಿಸುವವಳು ತಾನಲ್ಲ. ಆ ಕಡೆ ಗೋಡೆಗಿಟ್ಟರೆ ಮುಖ ಪಶ್ಚಿಮಕ್ಕೆ ಬರುತ್ತದೆ, ಅದಂತೂ ಸಾಧ್ಯವೇ ಇಲ್ಲ. "ನಾನು ಹೊರಡ್ತೀನಿ ಬಿಡಿ. ಮಗು ಚೆನ್ನಾಗಿ ಹುಟ್ಟಲಿ, ಅಲ್ಲಿಂದಲೇ ಹರಸ್ತೀನಿ."

ಸಪಾದದ ಬಟ್ಟಲು ಹಿಡಿದಿದ್ದ ಅಮ್ಮ ಅದನ್ನು ಕೆಳಗಿಟ್ಟರು. ಅಕ್ಕ, ಏಳು ತಿಂಗಳ ಬಸುರಿ, ಮೆಟ್ಟಿಲ ಮೇಲೆ ಕೂತು ನೆಲ ನೋಡುತ್ತಿದ್ದಳು. ನನಗೆ ಆ ಹೊತ್ತಿನಲ್ಲಿ ಯಾರ ದನಿಯೂ ಬರಲಿಲ್ಲ, ನನ್ನದೂ.

ಅಂಕಲ್ ಮಂಟಪ ನೋಡಿದರು. ಅಜ್ಜಿಯನ್ನು ನೋಡಿದರು. ಮಂಡಿಯ ಮೇಲೆ ಕೈಯಿಟ್ಟು, ನರಳುತ್ತ ನೆಲದಿಂದ ಏಳುತ್ತಿದ್ದ ಅಜ್ಜಿಯನ್ನು ಇನ್ನೊಮ್ಮೆ ನೋಡಿದರು. ಕೆಮ್ಮಿದರು.

"ಸರಸೂದಿಲ್ರೀ ಅಕ್ಕಾರ. ಯಾರು ಸರಸ್ತಾರ? ಏರಸ್ತೀವಿ."

"ಏನಂದ್ರಿ?"

"ದೇವರು ಇದ್ದಲ್ಲೇ ಇರ್ತಾನ. ಮುಖ ಅದ ಪೂರ್ವಕ್ಕ. ಕೆಳಗ ನಾಕು ಕಾಲಿನ ಪೀಠ ಕಟ್ಟತೀವಿ. ದೇವರು ಮ್ಯಾಲ, ಗಾಳಿ ಕೆಳಗ. ಮನಿಗೆ ಬಂದ ದೊಡ್ಡವರನ್ನ ನೆಲದ ಮ್ಯಾಲ ಕೂಡ್ರಸಿದ್ದು ನಮ್ಮ ತಪ್ಪ, ಕುರ್ಚಿ ಕೊಡೂಣು."

ಅಜ್ಜಿ ಭಟ್ಟರನ್ನು ನೋಡಿದರು. ಭಟ್ಟರು ಗಂಟಲು ಸರಿಮಾಡಿಕೊಂಡು, "ಶಾಸ್ತ್ರಕ್ಕೆ ವಿರೋಧ ಏನಿಲ್ಲ. ಅಪ್‌ಗ್ರೇಡ್ ಅಂತ ತಿಳ್ಕೊಳ್ಳಿ" ಅಂದರು.

ಅಜ್ಜಿ ಮಂಟಪವನ್ನು ಬುಡದಿಂದ ತುದಿಯ ತನಕ ನೋಡಿದರು. ಆಮೇಲೆ ಕೇಳಿದರು:

"ಎಷ್ಟು ಎತ್ತರ?"

ಅಂಕಲ್ ಮಂಡಿ ತನಕ ಕೈ ತೋರಿಸಿದರು. ಅಜ್ಜಿ ಸೊಂಟ ತೋರಿಸಿದರು. ದೇವರ ವಿಷಯದಲ್ಲಿ ಚೌಕಾಸಿ ಮಾಡಬಾರದು ಅಂತ ಸೊಂಟಕ್ಕೇ ಒಪ್ಪಿಗೆಯಾಯಿತು.

ಮರುದಿನ ಅಂಕಲ್ ಮರದ ತುಂಡುಗಳನ್ನು ಕಾರಿನ ಕಿಟಕಿಯಿಂದ ಹೊರಚಾಚಿಕೊಂಡು ಬಂದರು. ಪಂಚೆಯಲ್ಲೇ. ದೇವರ ಕೆಲಸ ಅಂತ ಸ್ನಾನ ಮಾಡಿ ಮಡಿಯಲ್ಲಿ ಡ್ರಿಲ್ ಹಿಡಿದ ಮನುಷ್ಯನನ್ನು ನಾನು ನೋಡಿದ್ದು ಅವರೊಬ್ಬರನ್ನೇ. ಆನೆ ನಿಲ್ಲಿಸಬಹುದಾದ ಪೀಠ ಕಟ್ಟಿದರು. ಅಜ್ಜಿ ಕಲಶ ಹಿಡಿದು ಪಕ್ಕದಲ್ಲಿ ನಿಂತಿದ್ದು, ನಾವು ನಾಲ್ವರು ಮಂಟಪ ಎತ್ತಿ ನೆಟ್ಟಗೆ ಮೇಲಕ್ಕೆ, ಒಂದಿಂಚೂ ಪಕ್ಕಕ್ಕೆ ಹೋಗದ ಹಾಗೆ ಇಟ್ಟೆವು. ಪರದೆಯ ಕೆಳಗಿನಿಂದ ಜಾಲರಿ ಮುಖ ತೋರಿಸಿತು. ಅದಕ್ಕೆ ಅಂಟಿಕೊಂಡು ಪ್ರಸಾದದ ನ್ಯಾಪ್ಕಿನ್ನಿನ ಒಂದು ಪದರ.

ಅಂಕಲ್ ಬೇಸ್‌ಮೆಂಟಿಗಿಳಿದು, ತಾವು ಮಡಚಿದ ಎಲೆಗಳನ್ನೆಲ್ಲ ಬಿಚ್ಚಿ, ಹೊಸದಾಗಿ ಗೆರೆ ಎಳೆದರು. ಫರ್ನೇಸು ಹೊತ್ತಿಕೊಂಡಿತು, ಆರಲಿಲ್ಲ. ನಾವೆಲ್ಲ ಅಜ್ಜಿಯ ಕೋಣೆಯಲ್ಲಿ ಜಾಲರಿಯ ಸುತ್ತ ನಿಂತಿದ್ದೆವು. ಪೇಪರು ಅಂಕಲ್ಲಿನ ಬೆರಳ ತುದಿಯಲ್ಲಿ ನೆಟ್ಟಗೆ ನಿಂತಿತು, ಬಾವುಟದ ಹಾಗೆ. ಅಜ್ಜಿ ಹಾಸಿಗೆಯ ಮೇಲೆ ಕೂತು ಒಂದು ಕಾಲುಚೀಲ ತೆಗೆದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದನ್ನೂ.

ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿಯ ದೂರು ಬಂತು. ಈಗ ನಿಂತೇ ಪೂಜೆ ಮಾಡಬಹುದು, ಮಂಡಿಗೆ ಸುಖ, ಅದೆಲ್ಲ ಸರಿ. ಆದರೆ ಫರ್ನೇಸು ಶುರುವಾದಾಗೆಲ್ಲ ದೀಪದ ಕುಡಿ ವಾಲುತ್ತದೆ.

ಅಂಕಲ್ ಚಹಾ ಕುಡಿಯುತ್ತಿದ್ದರು. ಎದ್ದು ಬಂದು ನೋಡಿದರು. ಜಾಲರಿ ಎಳೆಯುವ ಗಾಳಿಗೆ ಕುಡಿ ಮೆಲ್ಲಗೆ ಮಂಟಪದ ಕಡೆಗೆ ಬಾಗುತ್ತಿತ್ತು, ಆರುತ್ತಿರಲಿಲ್ಲ.

ಕೆಮ್ಮು. "ನಮಸ್ಕಾರ ಮಾಡಾಕತ್ತೈತ್ರೀ ಅಕ್ಕಾರ. ಮಾಡ್ಲಿ ಬಿಡ್ರಿ. ದೀಪ ನಮಸ್ಕಾರ ಮಾಡಿದ್ರ ಮನಿ ಉಸಿರಾಡಾಕತ್ತೈತಿ ಅಂತ ತಿಳ್ಕೋರಿ."

ಅಪ್ಪ ಫೋನು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಅಮ್ಮಾ, ಟಿಕೆಟ್ ವಿಷಯ ಏನ್ಮಾಡ್ಲಿ?"

"ಯಾವ ಟಿಕೆಟ್ಟು?" ಅಂದರು ಅಜ್ಜಿ.

ಫೆಬ್ರವರಿಯಲ್ಲಿ ಮಗು ಹುಟ್ಟಿತು. ಅಜ್ಜಿ ಕಾಲು ಚಾಚಿ ಕೂತು, ಬೆಚ್ಚಗಿನ ಕೈಯಿಂದ ಎಣ್ಣೆ ತಿಕ್ಕಿ, ಬೀದಿಗೆಲ್ಲ ಕೇಳುವ ಹಾಗೆ ಅದನ್ನು ಅಳಿಸಿ, ಬಿಸಿನೀರು ಹಾಕಿದರು. ಅಂಕಲ್ ಮಗು ನೋಡಲು ಬಂದರು. ಮೊದಲು ಥರ್ಮೋಸ್ಟಾಟ್, ಆಮೇಲೆ ಬಾಣಂತಿ ಕೋಣೆಯ ಜಾಲರಿ, ಆಮೇಲೆ ಮಗು. ಮೇ ತಿಂಗಳಲ್ಲಿ ಅಜ್ಜಿ ಮೈಸೂರಿಗೆ ಮರಳಿದರು. ನಮ್ಮ ಸಂಜೆ ಅವರಿಗೆ ನಸುಕು. ಎದ್ದು ಸ್ನಾನ ಮಾಡಿ ದಿನಾ ವಿಡಿಯೋ ಕಾಲ್ ಮಾಡುತ್ತಾರೆ. ಮೊದಮೊದಲು ಮರಿಮಗುವಿನ ಸಮಾಚಾರ ಎರಡನೆಯದಾಗಿತ್ತು. ಮೊದಲ ಪ್ರಶ್ನೆ, "ದೀಪ ನಮಸ್ಕಾರ ಮಾಡ್ತಿದೆಯಾ?" ಎಸಿ ಓಡುವಾಗಲೂ ಗಾಳಿ ಮರಳುವುದು ಅದೇ ಜಾಲರಿಗೆ. ಜುಲೈಯಲ್ಲಿ ಅಂಕಲ್ ಹೋದ ಸುದ್ದಿ ಹೇಳಿದ ಮೇಲೆ ಅಜ್ಜಿ ಆ ಪ್ರಶ್ನೆ ಕೇಳುವುದನ್ನು ಬಿಟ್ಟರು. ನಾವೂ ಹೇಳಲಿಲ್ಲ. ಬೇಸ್‌ಮೆಂಟಿನ ಹಿಡಿಕೆಗಳು ಅಕ್ಟೋಬರ್ ಬಂದರೂ "ಬ್ಯಾ" ಗೆರೆಯ ಮೇಲೇ ನಿಂತಿದ್ದವು. ನಮ್ಮಲ್ಲಿ ಮಾತ್ರವಲ್ಲ, ಗ್ರೂಪಿನಲ್ಲಿ ವಿಚಾರಿಸಿದರೆ ಎಲ್ಲರ ಮನೆಯಲ್ಲೂ. ಅವರ ಫೋನು ಬರದೆ ತಿರುಗಿಸುವ ಅಭ್ಯಾಸ ಯಾರಿಗೂ ಇರಲಿಲ್ಲ.

ಆ ಸುಟ್ಟ ಧೂಳಿನ ವಾಸನೆ ಬಂದ ಸಂಜೆ ಅಜ್ಜಿಯ ಕಾಲ್ ಬಂತು. ನಾನು ಹಾಲ್‌ವೇಯಲ್ಲಿ ದೀಪದ ಮುಂದಿದ್ದೆ. ಅಪ್ಪ ಅಡುಗೆಮನೆಯಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದರು.

"ಫರ್ನೇಸ್ ಶುರುವಾಯ್ತು ಅಜ್ಜಿ," ಅಂದೆ.

"ಹಿಡಿಕೆ ತಿರುಗಿಸಿದ್ರಾ?"

"ಇಲ್ಲ. ಯಾರೂ ಹೇಳಲಿಲ್ಲ."

ಅಜ್ಜಿ ಮುಖವನ್ನು ಫೋನಿಗೆ ಹತ್ತಿರ ತಂದರು. "ನೀನು ಅವರ ಥರ ಮಾಡ್ತೀಯಲ್ಲ. ಹೇಳು ಮತ್ತೆ."

"ಹಿಡಿಕಿ ತಿರುವಿದ್ರೇನು?" ಅಂದೆ.

"ಕೆಮ್ಮಲೇ ಇಲ್ಲವಲ್ಲೋ ನೀನು. ಸರಿಯಾಗಿ ಮಾಡು."

ಕೆಮ್ಮಿದೆ.

ಅಡುಗೆಮನೆಯಲ್ಲಿ ಕುರ್ಚಿ ಹಿಂದೆ ಸರಿದ ಸದ್ದಾಯಿತು. ಅಪ್ಪ ಕೈಯಲ್ಲಿದ್ದ ಕಡಲೆಕಾಯಿ ಸಿಪ್ಪೆಯ ಸಮೇತ ನನ್ನನ್ನು ದಾಟಿ, ಬೇಸ್‌ಮೆಂಟಿನ ಮೆಟ್ಟಿಲಿಳಿದರು. ಕೆಳಗಿನಿಂದ ತಗಡಿನ ಮೇಲೆ ಹಿಡಿಕೆ ಕಿರುಗುಟ್ಟಿದ್ದು ಕೇಳಿತು. ಒಂದು. ಇನ್ನೊಂದು. ಆಮೇಲೆ ಮತ್ತೊಂದು. ನಾನು ಫೋನನ್ನು ದೀಪದ ಕಡೆ ತಿರುಗಿಸಿ ಹಿಡಿದೆ, ಅಜ್ಜಿಗೂ ಕಾಣಲಿ ಅಂತ.